ಹಳೇ ಫ್ಲೈ ಪ್ರೆಸ್: ಕೊಳ್ಳೋದು, ಬಿಚ್ಚೋದು, ಮತ್ತೆ ದುಡಿಯೋಕೆ ಕೂರಿಸೋದು

ಗುಜರಿ ಅಂಗಡಿಯಲ್ಲಿ ಫ್ಲೈ ಪ್ರೆಸ್ ಕಂಡ ಕೂಡಲೇ ಎಲ್ಲರೂ ಮಾಡುವುದು ಒಂದೇ ಕೆಲಸ. ಮೇಲಿನ ತೋಳು ಹಿಡಿದು ಗಿರ್ರನೆ ತಿರುಗಿಸುತ್ತಾರೆ. ಸಲೀಸಾಗಿ ತಿರುಗಿದರೆ "ಪರವಾಗಿಲ್ಲ, ಚೆನ್ನಾಗಿದೆ" ಅಂತ ದುಡ್ಡು ಎಣಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿ ಕೆಟ್ಟವನು. ಸಲೀಸಾಗಿ ತಿರುಗುವ ಹಳೇ ಪ್ರೆಸ್ ಎಷ್ಟೋ ಸಲ ಸವೆದು ಮುಗಿದ ಪ್ರೆಸ್ ಆಗಿರುತ್ತದೆ. ಪಕ್ಕದಲ್ಲಿ ತುಕ್ಕು ಹಿಡಿದು, ಅಲುಗಾಡದೆ ಮುನಿಸಿಕೊಂಡ ಹಾಗೆ ಕೂತಿರುತ್ತದಲ್ಲ, ಅದನ್ನೂ ಒಮ್ಮೆ ಬಗ್ಗಿ ನೋಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ಫ್ಲೈ ಪ್ರೆಸ್ ಅಂದರೆ ಕರೆಂಟ್ ಇಲ್ಲದ ಕೈ ಪ್ರೆಸ್. ಬೀಡು ಕಬ್ಬಿಣದ ದಪ್ಪ ಬಾಡಿ, ಬದಿಯಿಂದ ನೋಡಿದರೆ ಬಾಯಿ ತೆರೆದ ಕೊಕ್ಕಿನ ಹಾಗೆ. ಮೇಲಿನಿಂದ ಕೆಳಕ್ಕೆ ಒಂದು ದಪ್ಪ ಸ್ಕ್ರೂ. ಅದರ ನೆತ್ತಿಗೆ ಅಡ್ಡ ತೋಳು, ತೋಳಿನ ತುದಿಗೆ ಕಬ್ಬಿಣದ ಗುಂಡು. ತೋಳು ಬೀಸಿದರೆ ಸ್ಕ್ರೂ ಇಳಿಯುತ್ತದೆ, ಅದರ ಕೆಳಗಿನ ಚೌಕದ ಸ್ಲೈಡ್ ಬಂದು ಪಂಚನ್ನು, ಅಂದರೆ ತೂತು ಹೊಡೆಯುವ ಗಟ್ಟಿ ಉಕ್ಕಿನ ತುಂಡನ್ನು, ತಗಡಿನೊಳಕ್ಕೆ ಇಳಿಸುತ್ತದೆ. ತಗಡಿನ ಟ್ರಂಕು ಮಾಡುವವರು, ಬೀಗ ಮಾಡುವವರು, ಬಕೆಟ್ಟಿಗೆ ಕಿವಿ ಕೂರಿಸುವವರು ಎಲ್ಲರ ಹತ್ತಿರ ಇದು ಇತ್ತು. ಈಗ ಪವರ್ ಪ್ರೆಸ್ ಬಂದು ಇವೆಲ್ಲ ಕೆಜಿ ಲೆಕ್ಕದಲ್ಲಿ ಹೋಗುತ್ತಿವೆ.

ನನ್ನದು ದಾವಣಗೆರೆಯಲ್ಲಿ ಹಳೇ ಪಿ.ಬಿ. ರೋಡಿನಿಂದ ಸ್ವಲ್ಪ ಒಳಗೆ ಇರುವ ಚಿಕ್ಕ ವರ್ಕ್‌ಶಾಪ್. ಕುಂಟೆ, ಕೂರಿಗೆ ರಿಪೇರಿ, ಸ್ಪ್ರೇ ಪಂಪಿನ ರಿಪೇರಿ. ಚನ್ನಗಿರಿ ಕಡೆಯ ಅಡಿಕೆ ತೋಟದವರು ಮಳೆಗಾಲಕ್ಕೆ ಮುಂಚೆ ಬೋರ್ಡೋ ಹೊಡೆಯುವ ಪಂಪು ತಂದು ಸಾಲಾಗಿ ಇಡುತ್ತಾರೆ. ಎಲ್ಲದಕ್ಕೂ ಒಂದೇ ಕಾಯಿಲೆ, ವಾಷರ್. ಚರ್ಮದ್ದು, ರಬ್ಬರಿನದು, ಕಬ್ಬಿಣದ್ದು. ಬೇಕಾದ ಅಳತೆ ಪೇಟೆಯಲ್ಲಿ ಸಿಗೋದಿಲ್ಲ, ಸಿಕ್ಕಿದ್ದು ಕೂರೋದಿಲ್ಲ. ಅದಕ್ಕೇ ನನಗೆ ಈ ಪ್ರೆಸ್ ಬೇಕಾಗಿದ್ದು. ಚಿತ್ರದುರ್ಗದ ಒಂದು ಗುಜರಿಯಲ್ಲಿ ಸಿಕ್ಕಿತು. ಟ್ರಂಕು ಮಾಡುವವರ ಮನೆಯಿಂದ ಬಂದದ್ದಂತೆ. ತೂಕ 164 ಕೆಜಿ, ಕೆಜಿಗೆ 45 ರೂಪಾಯಿ. ಲಗೇಜ್ ಆಟೋದವನಿಗೆ ಬೇರೆ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಮೊದಲು ಬಾಯಿಯ ಒಳಮೂಲೆ. ಪೆಟ್ಟು ಬಿದ್ದಾಗೆಲ್ಲ ಬಾಡಿ ಬಾಯಿ ತೆರೆಯೋಕೆ ನೋಡುತ್ತದೆ. ಆ ಒತ್ತಡ ಎಲ್ಲ ಒಳಮೂಲೆಗೇ ಬೀಳುತ್ತದೆ, ಬಿರುಕು ಬಂದರೆ ಅಲ್ಲೇ ಬರುತ್ತದೆ. ತುಕ್ಕು, ಹಳೇ ಬಣ್ಣದ ಅಡಿಯಲ್ಲಿ ಕಣ್ಣಿಗೆ ಕಾಣೋದಿಲ್ಲ. ಸ್ವಲ್ಪ ಕೆರೆದು ಡೀಸೆಲ್ ಸವರಿ, ಐದು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ. ಬಿರುಕಿದ್ದರೆ ಒಳಗೆ ಕೂತ ಡೀಸೆಲ್ ಹೊರಗೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ತಟ್ಟಿಯೂ ನೋಡಿ. ಗಟ್ಟಿ ಬಾಡಿ ಠಣ್ ಅನ್ನುತ್ತದೆ, ಒಡೆದದ್ದು ಮಣ್ಣಿನ ಮಡಕೆಯ ಹಾಗೆ ಬೊದ್ದು ಸದ್ದು. ಒಳಮೂಲೆಯಲ್ಲಿ ಗೆರೆ ಕಂಡರೆ ಬಿಟ್ಟು ಬನ್ನಿ. "ವೆಲ್ಡಿಂಗ್ ಮಾಡಿಸ್ಕೊಳ್ರಿ ಯಜಮಾನ್ರೇ, ಅದೇನ್ ಮಹಾ" ಅಂತ ಗುಜರಿಯವರು ಹೇಳೇ ಹೇಳುತ್ತಾರೆ. ಅದು ಮಹಾನೇ.

ಆಮೇಲೆ ನಟ್. ಸ್ಕ್ರೂ ಓಡಾಡುವ ಗನ್‌ಮೆಟಲ್ (ತಾಮ್ರ, ತವರ ಬೆರೆಸಿದ ಲೋಹ) ನಟ್ ಬಾಡಿಯ ತಲೆಯ ಒಳಗೆ ಅವಿತಿರುತ್ತದೆ. ಸ್ಲೈಡಿನ ಕೆಳಗೆ ಒಂದು ಹಾರೆ ಕೊಟ್ಟು ಮೇಲಕ್ಕೆ ಮೀಟಿ, ತೋಳು ತಿರುಗದ ಹಾಗೆ ಇನ್ನೊಬ್ಬರು ಹಿಡಿದುಕೊಳ್ಳಲಿ. ಸ್ಲೈಡ್ ಕಟ್ ಅಂತ ಎಷ್ಟು ಮೇಲೆ ಹೋಗಿ ಬರುತ್ತದೆ ನೋಡಿ. ಅರ್ಧ ಮಿ.ಮೀ. ಆದರೆ ಸರಿ. ಒಂದೂವರೆ, ಎರಡು ಮಿ.ಮೀ. ಆಡಿದರೆ ನಟ್ ಸವೆದಿದೆ. ಆದರೆ ಇಲ್ಲೊಂದು ಮೋಸ ಇದೆ. ಸ್ಕ್ರೂ ಮತ್ತು ಸ್ಲೈಡ್ ಸೇರುವ ಜಾಗದಲ್ಲಿ ಸಡಿಲ ಇದ್ದರೂ ಇದೇ ಥರ ಆಡುತ್ತದೆ. ಅದಕ್ಕೆ ಒಂದು ಬೆರಳು ಸ್ಕ್ರೂ ಮೇಲೂ ಇಟ್ಟಿರಿ. ಸ್ಕ್ರೂ ಅಲುಗದೆ ಸ್ಲೈಡ್ ಮಾತ್ರ ಅಲುಗಿದರೆ ಅದು ಅಗ್ಗದ ರಿಪೇರಿ. ಸ್ಕ್ರೂನೇ ಅಲುಗಿದರೆ ಹೊಸ ನಟ್ ಬೇಕು, ರೇಟು ಇಳಿಸಿ.

ತೋಳಿನ ಗುಂಡು ಇಲ್ಲ, ಸ್ಲೈಡನ್ನು ಬದಿಯಿಂದ ಒತ್ತಿ ಹಿಡಿಯುವ ಗಿಬ್ ಪಟ್ಟಿಯ ಬೋಲ್ಟ್ ಇಲ್ಲ, ಹಿಡಿಕೆ ಮುರಿದಿದೆ, ಇವೆಲ್ಲ ಲೆಕ್ಕಕ್ಕಿಲ್ಲ. ಚೌಕಾಸಿಗೆ ಮಾತ್ರ ಜೋರಾಗಿ ಹೇಳಿ.

ಬಿಚ್ಚುವಾಗ

ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದರ ಜೊತೆಗೆ ಸೆಂಟರ್ ಪಂಚಿನಿಂದ ಗುರುತು ಹಾಕಿ. ಜೋಡಿ ಭಾಗಗಳಿಗೆ ಎದುರುಬದುರು ಒಂದೊಂದು ಚುಕ್ಕಿ, ಮುಂದಿನ ಜೋಡಿಗೆ ಎರಡೆರಡು. ಸೀಮೆಸುಣ್ಣದ ಗುರುತು ಡೀಸೆಲ್ ಸೋಕಿದರೆ ಹೋಗುತ್ತದೆ.

ತೋಳು ಬಿಚ್ಚುವ ಮುಂಚೆ ಸ್ಲೈಡಿನ ಕೆಳಗೆ ಮರದ ದಿಮ್ಮಿ ಕೊಡಿ. ಇದನ್ನು ಬೇಕಂತಲೇ ಬೇರೆ ಸಾಲಾಗಿ ಬರೆಯುತ್ತಿದ್ದೇನೆ. ಮಾಮೂಲಿ ಬೋಲ್ಟಿನ ಥ್ರೆಡ್ ತಾನಾಗಿ ಇಳಿಯೋದಿಲ್ಲ, ಇದು ಇಳಿಯುತ್ತದೆ. ಫ್ಲೈ ಪ್ರೆಸ್ಸಿನ ಸ್ಕ್ರೂಗೆ ಎರಡೋ ಮೂರೋ ಥ್ರೆಡ್ ಒಟ್ಟೊಟ್ಟಿಗೆ ಶುರುವಾಗುತ್ತವೆ. ಸ್ಕ್ರೂ ತುದಿ ನೋಡಿದರೆ ಮೂರು ಬಾಯಿ ಎಣಿಸಬಹುದು. ಅದರಿಂದ ಇಳಿಜಾರು ಕಡಿದಾಗುತ್ತದೆ. ನನ್ನದರಲ್ಲಿ ಪಿಚ್ (ಒಂದು ಥ್ರೆಡ್ಡಿನಿಂದ ಪಕ್ಕದ ಥ್ರೆಡ್ಡಿಗೆ ಇರುವ ದೂರ) ಅರ್ಧ ಇಂಚು, ಮೂರು ಬಾಯಿ, ಹಾಗಾಗಿ ಒಂದು ಸುತ್ತು ತಿರುಗಿದರೆ ಒಂದೂವರೆ ಇಂಚು ಇಳಿತ. ಕಾಲು ಸುತ್ತು ಬೀಸಿದರೂ ಸ್ಲೈಡ್ ಸುಮಾರು ಒಂಬತ್ತೂವರೆ ಮಿ.ಮೀ. ಬರೋದು ಇದರಿಂದಲೇ. ಆದರೆ ಎಣ್ಣೆ ಬಿದ್ದು ತುಕ್ಕು ಬಿಟ್ಟುಕೊಂಡ ಕೂಡಲೇ ಅದು ತನ್ನ ಭಾರಕ್ಕೇ ಇಳಿಯುತ್ತದೆ. ಎರಡು ದಿನ ಅಲುಗಾಡದ ಪ್ರೆಸ್ ಮೂರನೇ ದಿನ ಮಧ್ಯಾಹ್ನ ಸದ್ದಿಲ್ಲದೆ ಇಳಿದು ನನ್ನ ಎಡಗೈ ಉಂಗುರ ಬೆರಳಿನ ಉಗುರು ತೆಗೆದುಕೊಂಡು ಹೋಯಿತು. ದಿಮ್ಮಿ ಪಕ್ಕದಲ್ಲೇ ಬಿದ್ದಿತ್ತು. ತಪ್ಪು ನನ್ನದೇ.

ತುಕ್ಕು ಸಡಿಲಿಸೋಕೆ ಅಂಗಡಿಯಲ್ಲಿ ಸಿಗುವ ಸ್ಪ್ರೇ ಡಬ್ಬಿ ಒಳ್ಳೆಯದೇ, ದುಬಾರಿ ಅಷ್ಟೆ. ಪವರ್ ಸ್ಟೀರಿಂಗಿಗೆ ಹಾಕುವ ಎಟಿಎಫ್ ಎಣ್ಣೆ ಅರ್ಧ, ಅಸಿಟೋನ್ ಅರ್ಧ ಬೆರೆಸಿ ಬಿಡಿ. ಅಸಿಟೋನ್ ಪಕ್ಕದಲ್ಲಿ ಬೀಡಿ, ಗ್ಯಾಸ್ ಕಟಿಂಗ್ ಯಾವುದೂ ಬೇಡ. ಇದನ್ನು ಬೆಳಿಗ್ಗೆ ಸಂಜೆ ಹಾಕುತ್ತಾ ಎರಡು ಮೂರು ದಿನ ಕಾಯಬೇಕು. ಕಾಯೋದೇ ಅರ್ಧ ಕೆಲಸ. ಸಣ್ಣ ಬೋಲ್ಟ್ ಇನ್ನೂ ಹಟ ಮಾಡಿದರೆ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಬೋಲ್ಟ್ ಬಿಸಿ ಮಾಡಿ ಮೇಣದಬತ್ತಿ ಮುಟ್ಟಿಸಿ. ಕರಗಿದ ಮೇಣ ಥ್ರೆಡ್ಡಿನೊಳಕ್ಕೆ ಎಳೆದುಕೊಂಡು ಹೋಗುತ್ತದೆ.

ಗನ್‌ಮೆಟಲ್ ನಟ್ ಹೊರಗೆ ತೆಗೆಯುವಾಗ ಎಷ್ಟೋ ಜನ ಬಾಡಿ ಒಡೆಯುತ್ತಾರೆ. ಸುತ್ತಿಗೆ ಎತ್ತುವ ಮುಂಚೆ ನಟ್ ಮತ್ತು ಬಾಡಿ ಸೇರುವ ಗೆರೆಯನ್ನು ಸುತ್ತಲೂ ಕೆರೆದು ನೋಡಿ. ಅರ್ಧ ನಟ್‌ನಲ್ಲಿ, ಅರ್ಧ ಬಾಡಿಯಲ್ಲಿ ಕೂತ ತಲೆಯಿಲ್ಲದ ಒಂದು ಸಣ್ಣ ಗ್ರಬ್ ಸ್ಕ್ರೂ ಇರುತ್ತದೆ. ನಟ್ ತಿರುಗದ ಹಾಗೆ ಹಾಕಿದ ಕಳ್ಳ ಚಿಲಕ ಅದು. ಅದರ ಮೇಲೆ ನಾಲ್ಕು ಪದರ ಬಣ್ಣ ಬಿದ್ದು ಮುಚ್ಚಿಹೋಗಿರುತ್ತದೆ. ಅದನ್ನು ತೆಗೆಯದೆ ಹೊಡೆದರೆ ಬೀಡು ಕಬ್ಬಿಣ ಬಾಗೋದಿಲ್ಲ, ಒಡೆಯುತ್ತದೆ.

ತುಕ್ಕು ತೆಗೆಯೋದು

ಬಾಡಿಗೆ ವೈರ್ ಬ್ರಷ್ ಸಾಕು. ಗ್ರೈಂಡರಿಗೆ ಕಲ್ಲು ಹಾಕಿ ತಿಕ್ಕಬೇಡಿ. ಎರಕದಲ್ಲೇ ಬಂದ ಅಕ್ಷರ, ನಂಬರು ಇದ್ದರೆ ಉಳಿಸಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಅದಕ್ಕೆ ಒದ್ದೆ ಮಾಡಿಕೊಂಡು ಕೆರೆಯಿರಿ, ಮೂಗಿಗೆ ಮಾಸ್ಕ್ ಹಾಕಿ, ಕೆರೆದ ಪುಡಿಯನ್ನು ಮಕ್ಕಳು ಆಡುವ ಕಡೆ ಎಸೆಯಬೇಡಿ.

ಬೋಲ್ಟು, ತೋಳಿನ ಹಿಡಿಕೆ, ಕವರ್ ಪ್ಲೇಟು, ಇಂಥ ಸಣ್ಣ ಭಾಗಕ್ಕೆ ಕರೆಂಟಿನ ಸ್ನಾನ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 20 ಲೀಟರ್ ನೀರು, 100 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ, ಬಟ್ಟೆ ಸೋಡಾ. ಬಕೆಟ್ಟಿನ ಅಂಚಿಗೆ ಕೆಲಸಕ್ಕೆ ಬಾರದ ಕಬ್ಬಿಣದ ಪಟ್ಟಿಗಳನ್ನು ಸುತ್ತಲೂ ಇಳಿಬಿಡಿ. ನಡುವೆ ತುಕ್ಕಿನ ಭಾಗವನ್ನು ತಂತಿಯಲ್ಲಿ ನೇತುಹಾಕಿ, ಪಟ್ಟಿಗೆ ತಾಗಬಾರದು. 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಪಟ್ಟಿಗೆ. ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ. ಈಗಿನ ಸ್ಮಾರ್ಟ್ ಚಾರ್ಜರುಗಳು ಬ್ಯಾಟರಿ ಕಾಣದೆ ಕರೆಂಟ್ ಬಿಡೋದಿಲ್ಲ, ಹಳೇ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಹುಡುಕಿ. ರಾತ್ರಿ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ತುಕ್ಕು ಕಪ್ಪು ಕೆಸರಾಗಿ ಬೆರಳಿಗೇ ಬರುತ್ತದೆ. ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ. ಟೀ ಕುಡಿದು ಬರುವಷ್ಟರಲ್ಲಿ ಮತ್ತೆ ಕೆಂಪಾಗಿರುತ್ತದೆ, ಅಷ್ಟು ಅವಸರ ಅದಕ್ಕೆ.

ಎಚ್ಚರಿಕೆ ಮೂರಿವೆ. ಪಟ್ಟಿಗೆ ಸ್ಟೀಲ್ ತಟ್ಟೆ, ಸ್ಟೀಲ್ ಚಮಚ ಬಳಸಬೇಡಿ. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ನೀರಿಗೆ ಬಿಟ್ಟು ವಿಷ ಆಗುತ್ತದೆ. ಬಕೆಟ್ಟಿನಿಂದ ಹೈಡ್ರೋಜನ್ ಏಳುತ್ತದೆ, ಹಾಗಾಗಿ ಬಯಲಿನಲ್ಲಿಡಿ, ಹತ್ತಿರ ಕಿಡಿ ಬೇಡ. ಗನ್‌ಮೆಟಲ್ ನಟ್, ಸ್ಪ್ರಿಂಗು, ಹದ ಹಾಕಿದ ಗಟ್ಟಿ ಭಾಗ ಇದರಲ್ಲಿ ಮುಳುಗಿಸಬೇಡಿ. ಹದ ಹಾಕಿದ ಉಕ್ಕು ಹೈಡ್ರೋಜನ್ ಹೀರಿ ಗಾಜಿನ ಹಾಗೆ ಸೀಳುತ್ತದೆ.

ಸ್ಲೈಡಿನ ಮೈ, ಅದು ಓಡಾಡುವ ದಾರಿ, ಇವಕ್ಕೆ ಡೀಸೆಲ್ ಮತ್ತು ನಯವಾದ ಉಪ್ಪುಕಾಗದ ಮಾತ್ರ, ಅದೂ ಮರದ ತುಂಡಿಗೆ ಸುತ್ತಿಕೊಂಡು. ಬೆರಳಲ್ಲಿ ಉಜ್ಜಿದರೆ ಅಂಚು ಉರುಟಾಗುತ್ತದೆ. ತುಕ್ಕು ತಿಂದ ಗುಳಿ ಉಳಿದರೆ ಉಳಿಯಲಿ. ಗುಳಿಯಲ್ಲಿ ಎಣ್ಣೆ ನಿಲ್ಲುತ್ತದೆ, ನಷ್ಟ ಇಲ್ಲ.

ನನ್ನ ಪ್ರೆಸ್ಸಿನ ಪಾದದ ಒಂದು ಕಿವಿ ಮುರಿದಿತ್ತು. ಒಳಮೂಲೆ ಅಲ್ಲವಲ್ಲ, ಹಾಗಾಗಿ ಬೆಸೆದೆ. ಬೀಡು ಕಬ್ಬಿಣಕ್ಕೆ ನಿಕ್ಕಲ್ ರಾಡ್. ಮುಂಚೆ ಆ ಜಾಗವನ್ನು ನೀರು ಚಿಮುಕಿಸಿದರೆ ಸುಯ್ ಅನ್ನುವಷ್ಟು ಬಿಸಿ ಮಾಡಬೇಕು. ಒಂದು ಸಲಕ್ಕೆ ಒಂದು ಇಂಚು ಮಾತ್ರ ಬೆಸುಗೆ, ಬಿಸಿ ಇರುವಾಗಲೇ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಮುಂದಿನ ಇಂಚು. ಆಮೇಲೆ ನಿಧಾನ ಆರಬೇಕು. ನಮ್ಮ ಊರಲ್ಲಿ ಅದಕ್ಕೇನು ಬರ? ಮಂಡಕ್ಕಿ ಭಟ್ಟಿಯಿಂದ ನಾಲ್ಕು ಚೀಲ ಬೂದಿ ತಂದು ಇಡೀ ಪಾದ ಹೂತು ಬಿಟ್ಟೆ. ಮಾರನೇ ದಿನ ಮಧ್ಯಾಹ್ನ ಕೈ ಹಾಕಿದರೂ ಒಳಗೆ ಬೆಚ್ಚಗಿತ್ತು.

ನಟ್ ಮತ್ತು ಗಿಬ್

ಖರ್ಚೂ ಇಲ್ಲೇ, ಲಾಭವೂ ಇಲ್ಲೇ. ಬಣ್ಣ ಹಚ್ಚಿ ಮಾರುವವರು ಮುಟ್ಟದ ಜಾಗ ಇದು.

ನಟ್ ನನ್ನದು ಹೋಗಿತ್ತು. ಹರಿಹರಕ್ಕೆ ಹೋದೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿತ್ತು, ಲೇತ್‌ಗಳಿಗೆ ಹೆಸರುವಾಸಿ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆಯಿತು, ಆದರೆ ಅಲ್ಲಿ ಕೈ ಪಳಗಿಸಿಕೊಂಡವರು ಊರಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬ ಹಿರಿಯ ಟರ್ನರ್ ಮೇಸ್ತ್ರಿ ನನ್ನ ಹಳೇ ನಟ್ ಕೈಯಲ್ಲಿ ತಿರುಗಿಸಿ ನೋಡಿ, "ತಮ್ಮಾ, ಸ್ಕ್ರೂ ತಂದಿಲ್ಲೇನು?" ಅಂದರು. ನಾನು ನಟ್ ಮಾತ್ರ ಒಯ್ದಿದ್ದೆ. ವಾಪಸ್ ಬಂದು ಸ್ಕ್ರೂ ಹೊತ್ತುಕೊಂಡು ಹೋದೆ. ನೀವು ಮೊದಲೇ ಎರಡೂ ಒಯ್ಯಿರಿ. ಸವೆದ ನಟ್ ಅಳತೆಗೆ ಹೊಸದು ಮಾಡಿದರೆ ಸವೆತವನ್ನೇ ನಕಲು ಮಾಡಿದ ಹಾಗೆ.

ಎರಕದ ಗನ್‌ಮೆಟಲ್ ತಾಮ್ರ 88, ತವರ 10, ಸತುವು 2 ಪಾಲಿನದು ಕೇಳಿ. ಹಿತ್ತಾಳೆ ಕೊಟ್ಟು ಇದೇ ಅನ್ನುವವರಿದ್ದಾರೆ. ಹಿತ್ತಾಳೆ ಹಳದಿ, ಗನ್‌ಮೆಟಲ್ ಸ್ವಲ್ಪ ಕೆಂಪು ತಿರುಗಿದ ಬಣ್ಣ. ಮೂರು ಬಾಯಿಯ ಥ್ರೆಡ್ ಒಳಗಡೆ ಕತ್ತರಿಸೋದು ಮೊದಲ ಸಲ ನೋಡುವವರಿಗೆ ಮಾಟದ ಹಾಗಿರುತ್ತದೆ. ಮೇಸ್ತ್ರಿ ಮಾಡಿದ್ದು ಸರಳ. ಲೇತ್‌ನ ಗೇರ್ ಒಂದೂವರೆ ಇಂಚಿಗೆ ಕೂರಿಸಿ ಮೊದಲ ಬಾಯಿ ಮುಗಿಸಿದರು. ಮೇಲಿನ ಸಣ್ಣ ಸ್ಲೈಡನ್ನು ಲೇತ್‌ನ ಉದ್ದಕ್ಕೇ ನೇರ ಮಾಡಿಟ್ಟಿದ್ದರು, ಅದನ್ನು ಸರಿಯಾಗಿ ಅರ್ಧ ಇಂಚು ಮುಂದೆ ತಳ್ಳಿ ಎರಡನೇ ಬಾಯಿ. ಮತ್ತೆ ಅರ್ಧ ಇಂಚು, ಮೂರನೇದು. ಪ್ರತಿ ಸಲವೂ ಹಿಂದಕ್ಕೆ ಎಳೆದು ಸಡಿಲ ತೆಗೆದು ಆಮೇಲೆ ಮುಂದೆ. ಕೊನೆಗೆ ನನ್ನ ಸ್ಕ್ರೂಗೇ ಹಾಕಿ ನೋಡಿ, ಕಾಗದದಷ್ಟು ಸಡಿಲ ಬಿಟ್ಟರು. ಇನ್ನೂ ಬಿಗಿ ಮಾಡಿ ಅಂದೆ. "ಬಿಸಿ ಆದ್ರೆ ಹಿಡಿತೈತಿ, ಸುಮ್ನಿರು" ಅಂದರು.

ಗಿಬ್ ಅಂದರೆ ಸ್ಲೈಡನ್ನು ಒಂದು ಬದಿಯಿಂದ ಒತ್ತಿ ಹಿಡಿಯುವ ಪಟ್ಟಿ. ಹಿಂದೆ ಮೂರೋ ನಾಲ್ಕೋ ಸ್ಕ್ರೂ ಇರುತ್ತವೆ. ಸ್ಲೈಡಿಗೆ ಪ್ರಶ್ಯನ್ ಬ್ಲೂ ಅನ್ನುವ ನೀಲಿ ಬಣ್ಣ ತೆಳುವಾಗಿ ಸವರಿ, ಕೂರಿಸಿ ಮೇಲೆ ಕೆಳಗೆ ಆಡಿಸಿ, ಬಿಚ್ಚಿ ನೋಡಿ. ಗಿಬ್ ಮೇಲೆ ನೀಲಿ ಅಂಟಿದ ಕಡೆ ಉಬ್ಬಿದೆ ಅಂತ. ಹಳೇ ಅರದ ತುದಿ ಮಸೆದು ಮಾಡಿಕೊಂಡ ಸ್ಕ್ರೇಪರಿನಿಂದ ಅಲ್ಲಿ ಮಾತ್ರ ಕೆರೆಯಿರಿ, ಮತ್ತೆ ಸವರಿ. ನಾನು 11 ಸಲ ಮಾಡಿದೆ. ನೀಲಿ ಎಲ್ಲ ಕಡೆ ಚುಕ್ಕಿಚುಕ್ಕಿಯಾಗಿ ಹರಡಿದರೆ ಸಾಕು, ಕನ್ನಡಿ ಆಗಬೇಕಿಲ್ಲ. ಆಮೇಲೆ ಗಿಬ್ ಸ್ಕ್ರೂ ಮೇಲಿನಿಂದ ಕೆಳಕ್ಕೆ ಸಮವಾಗಿ ಬಿಗಿಯುತ್ತಾ ಬನ್ನಿ. ಮೇಲಿನ ದಪ್ಪ ಸ್ಕ್ರೂ ಜೋಡಿಸದೆ ಸ್ಲೈಡ್ ಒಂದೇ ಹಾಕಿದರೆ ತನ್ನ ಭಾರಕ್ಕೆ ಮೆಲ್ಲಗೆ ಇಳಿಯಬೇಕು, ಪಕ್ಕಕ್ಕೆ ಅಲುಗಿಸಿದರೆ ಸದ್ದು ಬರಬಾರದು. 0.05 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿದರೆ ಇನ್ನೂ ಸಡಿಲ.

ಸ್ಕ್ರೂಗೆ ಗ್ರೀಸ್ ಬೇಡ. ನಮ್ಮ ಧೂಳಿಗೆ ಗ್ರೀಸ್ ಸೇರಿದರೆ ಅದೇ ಉಪ್ಪುಕಾಗದ. 90 ನಂಬರ್ ಗೇರ್ ಆಯಿಲ್ ದಿನಾ ಬೆಳಿಗ್ಗೆ ನಾಲ್ಕು ಹನಿ.

ಬಣ್ಣ: ರೆಡ್ ಆಕ್ಸೈಡ್ ಒಂದು ಕೋಟ್, ಮೇಲೆ ನಿಮಗಿಷ್ಟವಾದ ಎನಾಮೆಲ್ ಎರಡು ಕೋಟ್. ಓಡಾಡುವ ಮೈಗೆ ತಾಗಿಸಬೇಡಿ. ಇದರ ಬಗ್ಗೆ ಇಷ್ಟೇ.

ಕೂರಿಸೋದು

ಪ್ರೆಸ್ ಕೆಳಕ್ಕೆ ಮಾತ್ರ ತಳ್ಳುತ್ತದೆ ಅಂತ ತಿಳಿದಿರುತ್ತೇವೆ. ಪೆಟ್ಟು ಬಿದ್ದ ಕ್ಷಣ ಅದು ಇಡೀ ಮೇಜನ್ನು ತಿರುಚುತ್ತದೆ. ಮೊದಲ ದಿನ ನಾನು ಆಂಗಲ್ ಮೇಜಿನ ಮೇಲಿಟ್ಟು ನಾಲ್ಕು ಪೆಟ್ಟು ಹೊಡೆಯುವಷ್ಟರಲ್ಲಿ ಮೇಜು ಗಡಿಯಾರದ ಮುಳ್ಳಿನ ಹಾಗೆ ತಿರುಗಿ ಬಾಗಿಲ ಕಡೆ ಮುಖ ಮಾಡಿತ್ತು. ಈಗ ಜಾಲಿ ಮರದ ದಪ್ಪ ದಿಮ್ಮಿ, ಅಡಿಯಲ್ಲಿ ಒಂದೂವರೆ ಅಡಿ ಕಾಂಕ್ರೀಟಿನಲ್ಲಿ ಹೂತಿದೆ, 16 ಮಿ.ಮೀ. ಬೋಲ್ಟ್ ನಾಲ್ಕು. ಜಾಲಿ ನಮ್ಮ ಬಯಲುಸೀಮೆಯ ಮರ, ಗಾಡಿ ಚಕ್ರಕ್ಕೆ ಬಳಸುತ್ತಿದ್ದದ್ದು, ಪೆಟ್ಟು ತಿನ್ನುತ್ತದೆ. ಎತ್ತರ ಹೀಗಿರಲಿ: ಡೈ (ಪಂಚ್ ಇಳಿಯುವ ತೂತಿರುವ ಕೆಳಗಿನ ಅಚ್ಚು) ಇಡುವ ಹಲಗೆ ನಿಮ್ಮ ಮೊಣಕೈಗಿಂತ ಒಂದು ಗೇಣು ಕೆಳಗೆ.

ತೋಳು ಸುತ್ತುವ ವೃತ್ತದಷ್ಟು ನೆಲಕ್ಕೆ ಹಳದಿ ಬಣ್ಣ ಹೊಡೆಯಿರಿ. ಗುಂಡು ಬರೋದು ಸರಿಯಾಗಿ ತಲೆಯ ಎತ್ತರಕ್ಕೆ. ಸಾಧ್ಯವಾದರೆ ಪೈಪಿನ ಕಟಾಂಜನ ಹಾಕಿಸಿ.

ಗುಂಡು ದೊಡ್ಡದು ಮಾಡಿಸಿದರೆ ಪೆಟ್ಟು ಜಾಸ್ತಿ ಅಂತ ಕೆಲವರು ಕಬ್ಬಿಣ ತುಂಬಿಸುತ್ತಾರೆ. ತೂಕ ಎರಡು ಪಟ್ಟು ಆದರೆ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟು ಆದರೆ ಶಕ್ತಿ ನಾಲ್ಕು ಪಟ್ಟು. ಭಾರದ ಗುಂಡನ್ನು ಕೈ ವೇಗವಾಗಿ ಬೀಸೋಕೆ ಆಗೋದಿಲ್ಲ, ನಿಲ್ಲಿಸೋಕೂ ಆಗೋದಿಲ್ಲ. ಬಂದದ್ದೇ ಇರಲಿ.

ಸ್ಕ್ರೂ ಮೇಲೆ ಒಂದು ಸ್ಟಾಪ್ ಕಾಲರ್ ಇರಬೇಕು. ಇಲ್ಲದಿದ್ದರೆ ಮಾಡಿಸಿ. ಪಂಚ್ ಡೈಯೊಳಗೆ ತಗಡು ದಾಟಿ ಒಂದು ಮಿ.ಮೀ. ಇಳಿದ ಮೇಲೆ ಕಾಲರ್ ಬಾಡಿಗೆ ತಾಗಿ ನಿಲ್ಲಬೇಕು. ಕಾಲರ್ ಇಲ್ಲದೆ ಖಾಲಿ ಬೀಸಿದರೆ ಒಂದು ದಿನ ಒಳಮೂಲೆ ಬಿರುಕು ಬಿಡುತ್ತದೆ.

ಪಂಚ್ ಮತ್ತು ಡೈ

ಚರ್ಮ, ರಬ್ಬರಿನಿಂದ ಶುರು ಮಾಡಿ. ಅದಕ್ಕೆ ಪೊಳ್ಳು ಪಂಚ್ ಸಾಕು. ಅಂಚು ಚಾಕುವಿನ ಹಾಗೆ ಮಸೆದ ಕೊಳವೆ, ಕೆಳಗೆ ಡೈ ಬೇಡ, ದಪ್ಪ ನೈಲಾನ್ ತುಂಡು ಇಡಿ. ಕೈಯ ಅಳತೆ ಪಳಗುತ್ತದೆ, ಹಾಳಾದರೂ ಚರ್ಮದ ಚೂರು ಅಷ್ಟೆ.

ಕಬ್ಬಿಣಕ್ಕೆ ಬಂದರೆ ಲೆಕ್ಕ ಬೇಕು. 10 ಮಿ.ಮೀ. ಬೋಲ್ಟಿನ ವಾಷರ್ ತೆಗೆದುಕೊಳ್ಳಿ. ಹೊರಗಿನ ಅಳತೆ 20, ತೂತು 11, ದಪ್ಪ 2 ಮಿ.ಮೀ., ನಮ್ಮ ಭಾಷೆಯಲ್ಲಿ 14 ಗೇಜ್ ತಗಡು. ಕತ್ತರಿಸುವ ಅಂಚಿನ ಉದ್ದವನ್ನು ದಪ್ಪದಿಂದ ಗುಣಿಸಿ, ಮೆದು ಉಕ್ಕಿಗೆ ಚದರ ಮಿ.ಮೀ.ಗೆ ಸುಮಾರು 35 ಕೆಜಿ ಹಿಡಿಯಿರಿ. 11ರ ತೂತಿಗೆ ಸುಮಾರು 2,400 ಕೆಜಿ ಒತ್ತಡ. 20ರ ಹೊರಸುತ್ತು ಕತ್ತರಿಸೋಕೆ ಸುಮಾರು 4,400. ನನ್ನ ಪ್ರೆಸ್ ಮೊದಲನೆಯದನ್ನು ಆರಾಮಾಗಿ ಹೊಡೆಯುತ್ತದೆ. ಎರಡನೆಯದಕ್ಕೆ ಪೂರ್ತಿ ಬೀಸಬೇಕು. ಜಂಬಕ್ಕೆ 3 ಮಿ.ಮೀ. ಹಾಕಿ ನೋಡಿದೆ. ಪಂಚ್ ಅರ್ಧಕ್ಕೆ ಕಚ್ಚಿ ನಿಂತಿತು, ಬಿಡಿಸೋಕೆ ಸಂಜೆ ಆಯಿತು.

ಪಂಚಿಗೂ ಡೈಗೂ ನಡುವೆ ಸ್ವಲ್ಪ ಅಂತರ ಇರಬೇಕು. ಮೆದು ಉಕ್ಕಿಗೆ ಒಂದು ಬದಿಗೆ ದಪ್ಪದ 5 ಪರ್ಸೆಂಟ್ ನಾನು ಇಡೋದು, ಅಂದರೆ 2 ಮಿ.ಮೀ. ತಗಡಿಗೆ ಬದಿಗೆ 0.1. ಯಾವುದರಿಂದ ಕಳೆಯಬೇಕು ಅನ್ನೋದೇ ಎಲ್ಲರೂ ಎಡವುವ ಜಾಗ. ಕೆಳಗೆ ಬೀಳುವ ತುಂಡು ನಿಮಗೆ ಬೇಕಾದ್ದಾದರೆ ಡೈ ಸರಿ ಅಳತೆ, ಪಂಚ್ ಚಿಕ್ಕದು: ಡೈ 20, ಪಂಚ್ 19.8. ತಗಡಿನಲ್ಲಿ ಉಳಿಯುವ ತೂತು ಬೇಕಾದ್ದಾದರೆ ಪಂಚ್ ಸರಿ ಅಳತೆ, ಡೈ ದೊಡ್ಡದು: ಪಂಚ್ 11, ಡೈ 11.2. ಡೈಯ ತೂತು ಮೇಲೆ ನಾಲ್ಕು ಮಿ.ಮೀ. ನೇರ ಇದ್ದು ಕೆಳಗೆ ಅಗಲವಾಗಬೇಕು, ಇಲ್ಲದಿದ್ದರೆ ಬಿಲ್ಲೆಗಳು ಒಂದರ ಮೇಲೊಂದು ಸಿಕ್ಕಿ ಡೈ ಸೀಳುತ್ತದೆ.

ಉಕ್ಕು ಓಎಚ್‌ಎನ್‌ಎಸ್ ಕೇಳಿ. ಎಣ್ಣೆಯಲ್ಲಿ ಹದ ಹಾಕುವಂಥದ್ದು, ಟೂಲ್ ಮಾಡುವವರ ಹತ್ತಿರ ತುಂಡು ಸಿಗುತ್ತದೆ. ಕುಲುಮೆಯಲ್ಲಿ ಕೆಂಪಾಗುತ್ತಾ ಬರುವಾಗ ಆಯಸ್ಕಾಂತ ತಾಗಿಸಿ ನೋಡಿ. ಸುಮಾರು 770 ಡಿಗ್ರಿಗೆ ಅದು ಹಿಡಿಯೋದು ಬಿಡುತ್ತದೆ. ಅದರ ಮೇಲೆ ಇನ್ನೊಂಚೂರು ಕೆಂಪು ಬರಲಿ, ಸುಮಾರು 800. ಕೆಲವು ನಿಮಿಷ ಹಾಗೇ ಹಿಡಿದು, ಬೆಚ್ಚಗಿನ ಎಣ್ಣೆಯಲ್ಲಿ ನೇರವಾಗಿ ಮುಳುಗಿಸಿ ಆಡಿಸಿ. ನೀರಿಗೆ ಹಾಕಬೇಡಿ. ನನ್ನ ಅಕ್ಕನ ಮಗ ಒಮ್ಮೆ ಬಕೆಟ್ ಅದಲುಬದಲು ಮಾಡಿದ. ಟಿಣ್ ಅಂತ ಸದ್ದು ಬಂತು. "ಏನಾತು ಮಾಮ?" ಅಂದ. ಎರಡು ದಿನದ ಕೆಲಸ ಎರಡು ಹೋಳಾಗಿತ್ತು.

ಅರ ಉಜ್ಜಿದರೆ ಜಾರಬೇಕು, ಹಿಡಿಯಬಾರದು. ಹಾಗಿದ್ದರೆ ಹದ ಕೂತಿದೆ. ಆದರೆ ಈಗ ಅದು ಗಾಜು. ಕೈ ತಾಳುವಷ್ಟು ಆರಿದ ಕೂಡಲೇ ಒಂದು ಮೈ ಹೊಳಪು ಮಾಡಿ, ದಪ್ಪ ತಗಡಿನ ಮೇಲಿಟ್ಟು ಕೆಳಗಿಂದ ಬಿಸಿ ಕೊಡಿ. ಹೊಳಪಿನ ಮೇಲೆ ಬಣ್ಣ ಓಡುತ್ತದೆ. ಒಣಗಿದ ಜೋಳದ ದಂಟಿನ ತೆಳು ಹಳದಿ ಬಂದ ಕ್ಷಣ ತೆಗೆಯಿರಿ. ಅದು ಸುಮಾರು 220 ಡಿಗ್ರಿ. ಕಂದು, ನೀಲಿ ತನಕ ಬಿಟ್ಟರೆ ಅಂಚು ಮೆದು.

ಡೈ ಮೇಲೆ ಸ್ಟ್ರಿಪ್ಪರ್ ಪ್ಲೇಟ್ ಮರೆಯಬೇಡಿ. ತೂತು ಹೊಡೆದ ತಗಡು ಪಂಚಿಗೆ ಅಂಟಿಕೊಂಡು ಮೇಲೇಳುತ್ತದೆ. ಪಂಚ್ ಮಾತ್ರ ಹಾದುಹೋಗುವ ತೂತಿನ ಒಂದು ಪಟ್ಟಿ, ತಗಡು ಜಾರುವಷ್ಟು ಎತ್ತರದಲ್ಲಿ ಬಿಗಿದಿದ್ದರೆ ಅದು ತಡೆದು ಬಿಡಿಸುತ್ತದೆ.

ಈಗ ಪಂಚ್ ಡೈ ನೇರ ಕೂರಿಸೋದು. ಡೈ ಬೋಲ್ಟ್ ಸಡಿಲ ಇರಲಿ. ತೋಳನ್ನು ಕೈಯಿಂದ ಮೆಲ್ಲಗೆ ಇಳಿಸಿ ಪಂಚನ್ನು ಡೈಯೊಳಗೆ ಬಿಡಿ, ಡೈ ತಾನೇ ಜಾಗ ಹುಡುಕಿಕೊಳ್ಳುತ್ತದೆ. ಬೋಲ್ಟ್ ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಆಮೇಲೆ ತಗಡು ಬೇಡ, ಕಾಗದ ಹಾಕಿ. ಹಳೇ ಕ್ಯಾಲೆಂಡರಿನ ಹಾಳೆ ಒಳ್ಳೆಯದು. ಮೆಲ್ಲಗೆ ಕತ್ತರಿಸಿ ಅಂಚು ನೋಡಿ. ಒಂದು ಬದಿ ಬ್ಲೇಡಿನಲ್ಲಿ ಕೊಯ್ದ ಹಾಗೆ, ಇನ್ನೊಂದು ಬದಿ ನಾರು ನಾರು ಇದ್ದರೆ, ನಾರಿನ ಕಡೆ ಅಂತರ ಜಾಸ್ತಿ ಇದೆ. ತಾಮ್ರದ ಸುತ್ತಿಗೆಯಿಂದ ಡೈಯನ್ನು ಒಂದು ಕೂದಲು ಸರಿಸಿ, ಮತ್ತೆ ಕಾಗದ. ಸುತ್ತಲೂ ಒಂದೇ ಥರ ಬಂದ ಮೇಲೆ ತಗಡು. ಈ ಕೆಲಸಕ್ಕೆ ನಾನು ಅರ್ಧ ಗಂಟೆ ಕೊಡುತ್ತೇನೆ. ಐದು ನಿಮಿಷದಲ್ಲಿ ಮುಗಿಸುವವರ ಪಂಚ್ ಮೂಲೆಗಳು ವಾರಕ್ಕೊಮ್ಮೆ ಮುರಿಯುತ್ತವೆ.

ಮೊದಲು ತೂತು, ಆಮೇಲೆ ಹೊರಸುತ್ತು. ಉಲ್ಟಾ ಮಾಡಿದರೆ ಸಣ್ಣ ಬಿಲ್ಲೆಯನ್ನು ಬೆರಳಲ್ಲಿ ಹಿಡಿಯಬೇಕಾಗುತ್ತದೆ. ಡೈಯ ಬಾಯಿಗೆ ಬೆರಳು ಹೋಗಬಾರದು. ಬಿದಿರಿನ ಕಡ್ಡಿ, ಇಲ್ಲ ಉದ್ದ ಚಿಮಟ.

ಇನ್ನೊಂದು ಕಟ್ಟುನಿಟ್ಟು. ತೋಳು ಬೀಸುವವರೇ ತಗಡು ತಳ್ಳಬೇಕು. ಹಳೇ ಅಂಗಡಿಗಳಲ್ಲಿ ಒಬ್ಬ ಬೀಸೋದು, ಇನ್ನೊಬ್ಬ ಹುಡುಗ ತಗಡು ಇಡೋದು ನೋಡಿದ್ದೇನೆ, ಕೆಲಸ ಬೇಗ ಸಾಗುತ್ತದೆ. ಎರಡು ಬೆರಳಿಲ್ಲದ ಕೈಗಳನ್ನೂ ಆ ಅಂಗಡಿಗಳಲ್ಲೇ ನೋಡಿದ್ದು. ನನ್ನ ಅಕ್ಕನ ಮಗ "ಇಬ್ಬರಾದ್ರೆ ಜಲ್ದಿ ಆಕ್ಕೈತಲ್ಲ ಮಾಮ" ಅಂತ ಈಗಲೂ ಕೇಳುತ್ತಾನೆ. ಆಗಲ್ಲ ಅಂದೆ, ಅಷ್ಟೆ.

ಸಂಜೆ ಮುಚ್ಚುವಾಗ ಸ್ಲೈಡಿನ ಕೆಳಗೆ ಆ ಹಳೇ ದಿಮ್ಮಿ ಇಡುತ್ತೇವೆ, ಸ್ಲೈಡ್ ಅದರ ಮೇಲೆ ಕೂರುತ್ತದೆ. ತೋಳಿಗೆ ಸೈಕಲ್ ಚೈನು ಸುತ್ತಿ ಬೀಗ. ಓಣಿಯ ಮಕ್ಕಳಿಗೆ ಆ ಗುಂಡು ಕಂಡರೆ ತಿರುಗಿಸದೆ ಇರೋಕೆ ಆಗಲ್ಲ, ನನಗೂ ಆ ವಯಸ್ಸಲ್ಲಿ ಆಗುತ್ತಿರಲಿಲ್ಲ. ಬೀಗದ ಕೈ ಗೇರ್ ಆಯಿಲ್ ಡಬ್ಬಿಯ ಹಿಂದೆ ಇರುತ್ತದೆ. ಬೆಳಿಗ್ಗೆ ಬಂದು ಅದನ್ನು ತೆಗೆಯುವಾಗ ಹೇಗೂ ಡಬ್ಬಿ ಕೈಗೆ ಬರುತ್ತದಲ್ಲ, ನಾಲ್ಕು ಹನಿ ಬಿಟ್ಟೇ ಬೀಗ ತೆಗೆಯೋದು.